ಎಂಟು ಮೂಲೆಯ ಕೋಟೆಯಿಂದ ೬೫೫೩೭ರ ವರೆಗೆ

ಹಾಸನದಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಆಲೂರಿನ ಸೀಮೆಯನ್ನು ದಾಟುತ್ತಿದ್ದಂತೆ ಬಯಲುನಾಡು ಮೆಲ್ಲಮೆಲ್ಲನೆ ಮಲೆನಾಡಾಗತೊಡಗುತ್ತದೆ. ರಾಗಿಯ ಹೊಲಗಳು ಹಿಂದೆ ಸರಿದು, ಮರಗಳ ನೆರಳಿನಲ್ಲಿ ಕಾಫಿಯ ಗಿಡಗಳೂ ಮರಗಳ ಮೈಮೇಲೆ ಮೆಣಸಿನ ಬಳ್ಳಿಗಳೂ ಕಾಣಿಸಿಕೊಳ್ಳುತ್ತವೆ. ಹೇಮಾವತಿಯ ದಡದಲ್ಲಿರುವ ಸಕಲೇಶಪುರವನ್ನು ಬಿಟ್ಟು ಆರು ಕಿಲೋಮೀಟರುಗಳಷ್ಟು ಮುಂದೆ ಹೋದರೆ, ಹೆದ್ದಾರಿಯ ಪಕ್ಕದ ಗುಡ್ಡದ ನೆತ್ತಿಯ ಮೇಲೆ ಮಂಜರಾಬಾದಿನ ಕೋಟೆ ನಿಂತಿದೆ. ಟಿಪ್ಪು ಸುಲ್ತಾನನು ಕಟ್ಟಿಸಿದ ಈ ಕೋಟೆ ಪೂರ್ಣವಾದುದು ೧೭೯೨ರಲ್ಲಿ. ಗುಡ್ಡವನ್ನು ಮುಸುಕಿದ ಮಂಜನ್ನು ಕಂಡು ಸುಲ್ತಾನನೇ ಇದಕ್ಕೆ ಈ ಹೆಸರನ್ನಿಟ್ಟನೆಂದು ಪ್ರತೀತಿ.

ಮೆಟ್ಟಿಲುಗಳನ್ನೇರಿ ಬಂದವರಿಗೆ ಕೋಟೆಯ ಆಕಾರ ಒಮ್ಮೆಗೇ ತಿಳಿಯುವುದಿಲ್ಲ. ಗೋಡೆ ಇಲ್ಲಿ ಚಾಚುತ್ತದೆ, ಅಲ್ಲಿ ಒಳಸೇರುತ್ತದೆ. ಸುತ್ತು ಹಾಕಿದ ಮೇಲೆಯೇ ಅದರ ಚೆಲುವು ಅರ್ಥವಾಗುವುದು. ಆಕಾಶದಿಂದ ತೆಗೆದ ಚಿತ್ರಗಳಲ್ಲಾದರೋ ಅದು ಸ್ಪಷ್ಟ: ಹಸುರು ಗುಡ್ಡದ ಮೇಲೆ ಯಾರೋ ಎಂಟು ಮೂಲೆಯ ನಕ್ಷತ್ರವೊಂದನ್ನು ಬರೆದಿಟ್ಟಂತಿದೆ. ಅಪ್ಪ ಅಮ್ಮಂದಿರೊಡನೆ ಬಂದ ಮಕ್ಕಳು ಮೂಲೆಗಳನ್ನು ಎಣಿಸಿ, “ಎಂಟು!” ಎಂದು ಕೂಗುವುದುಂಟು. ಅವರಲ್ಲಿ ಒಬ್ಬನಾದರೂ, “ಎಂಟೇ ಏಕೆ? ಏಳೇಕಲ್ಲ? ಹದಿನೇಳೇಕಲ್ಲ?” ಎಂದು ಕೇಳಿದರೆ, ಹಿರಿಯರು ಹುಬ್ಬು ಗಂಟಿಕ್ಕಬೇಕಾಗಿಲ್ಲ. ಎರಡು ಸಾವಿರ ವರ್ಷಗಳ ಕಾಲ ಗಣಿತಜ್ಞರನ್ನು ಕಾಡಿದ ಪ್ರಶ್ನೆಯನ್ನೇ ಆ ಹುಡುಗನು ಕೇಳಿದಂತಾಯಿತು. ಅದರ ಉತ್ತರದ ಜಾಡನ್ನು ಹಿಡಿದು ಹೊರಟವರು ಕೊನೆಗೆ ತಲುಪುವುದು ೬೫೫೩೭ ಎಂಬ ವಿಚಿತ್ರವಾದ ಅವಿಭಾಜ್ಯ ಸಂಖ್ಯೆಗೆ.

ಗೂಟ, ಹಗ್ಗ, ಕೋಲು

ಎಂಟು ಮೂಲೆಯ ನಕ್ಷೆಯನ್ನು ನೆಲದ ಮೇಲೆ ಬರೆಯಲು ಬೇಕಾಗುವ ಸಾಮಗ್ರಿ ಅತ್ಯಲ್ಪ. ಒಂದು ಗೂಟ, ಅದಕ್ಕೆ ಕಟ್ಟಿದ ಒಂದು ಹಗ್ಗ, ನೆಟ್ಟನೆಯ ಒಂದು ಕೋಲು ಇದ್ದರೆ ಸಾಕು. ಗೂಟವನ್ನು ನೆಟ್ಟು ಹಗ್ಗವನ್ನು ಸುತ್ತಲೂ ತಿರುಗಿಸಿದರೆ ವೃತ್ತವಾಯಿತು. ಅದರೊಳಗೆ ಒಂದು ಚೌಕ. ಚೌಕದ ಪ್ರತಿಯೊಂದು ಭುಜದ ಎದುರಿನ ಕಂಸವನ್ನು ಎರಡು ಸಮಭಾಗ ಮಾಡಿದರೆ ಎಂಟು ಬಿಂದುಗಳು. ಶಾಲೆಯ ಮಕ್ಕಳ ಪೆಟ್ಟಿಗೆಯಲ್ಲಿರುವ ಕೈವಾರ ಮತ್ತು ಅಳತೆಪಟ್ಟಿ ಈ ಹಗ್ಗ ಕೋಲುಗಳ ಚಿಕ್ಕ ರೂಪಗಳೇ. ಒಂದರ ಮೇಲೊಂದು ಓರೆಯಾಗಿ ಎರಡು ಚೌಕಗಳನ್ನು ಬರೆದು ಅಂಗಳದಲ್ಲಿ ನಕ್ಷತ್ರದ ರಂಗೋಲಿಯನ್ನಿಡುವ ಗೃಹಿಣಿಗೂ ಈ ಉಪಾಯ ಗೊತ್ತು.

ಇದೇ ಹಾಸನ ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಅರಸೀಕೆರೆಯಲ್ಲಿ, ೧೨೨೦ರ ಸುಮಾರಿನ ಹೊಯ್ಸಳರ ಈಶ್ವರ ದೇವಾಲಯವಿದೆ. ಅದರ ತೆರೆದ ಮಂಟಪದ ನಕ್ಷೆ ಹದಿನಾರು ಮೂಲೆಯ ನಕ್ಷತ್ರ. ಗದಗದ ಬಳಿಯ ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿಯದು ಇಪ್ಪತ್ತನಾಲ್ಕು ಮೂಲೆಯ ನಕ್ಷತ್ರ. ಎಂಟು, ಹದಿನಾರು, ಇಪ್ಪತ್ತನಾಲ್ಕು: ಇವೆಲ್ಲವೂ ಹಗ್ಗಕ್ಕೂ ಕೋಲಿಗೂ ಒಲಿಯುವ ಸಂಖ್ಯೆಗಳು. ನಾಲ್ಕನ್ನು ಬರೆಯಬಲ್ಲವನು ಅರ್ಧಿಸುತ್ತ ಹೋಗಿ ಎಂಟು, ಹದಿನಾರು, ಮೂವತ್ತೆರಡನ್ನು ಬರೆಯಬಲ್ಲನು. ವೃತ್ತದ ತ್ರಿಜ್ಯವನ್ನೇ ಅಳತೆಯಾಗಿ ಹಿಡಿದು ಪರಿಧಿಯ ಮೇಲೆ ಹೆಜ್ಜೆಯಿಟ್ಟರೆ ಆರು ಹೆಜ್ಜೆಗೆ ಸುತ್ತು ಮುಗಿಯುವುದರಿಂದ ಆರೂ ಮೂರೂ ಸುಲಭ; ಆರನ್ನು ಅರ್ಧಿಸಿದರೆ ಹನ್ನೆರಡು, ಇಪ್ಪತ್ತನಾಲ್ಕು. ಐದು ಭುಜಗಳ ಆಕೃತಿಯನ್ನೂ ಹದಿನೈದು ಭುಜಗಳದನ್ನೂ ಬರೆಯುವ ವಿಧಾನವನ್ನು ಗ್ರೀಕರ ಯೂಕ್ಲಿಡನು ತನ್ನ ಗ್ರಂಥದಲ್ಲಿ ತಿಳಿಸಿದ್ದಾನೆ.

ಆದರೆ ಅಲ್ಲಿಗೆ ದಾರಿ ಕಡಿದುಹೋಗಿತ್ತು. ಏಳು, ಒಂಬತ್ತು, ಹನ್ನೊಂದು, ಹದಿಮೂರು, ಹದಿನೇಳು, ಇವುಗಳಲ್ಲಿ ಯಾವುದೂ ಕೈವಾರಕ್ಕೆ ಸಿಕ್ಕಲಿಲ್ಲ. ಅಂದಾಜಿನಿಂದ ಬರೆಯುವವರಿದ್ದರು, ತಪ್ಪಿಲ್ಲದೆ, ನಿಷ್ಕೃಷ್ಟವಾಗಿ ಬರೆಯಬಲ್ಲವರು ಇರಲಿಲ್ಲ.

ಒಂದು ಬೆಳಗಿನ ಜಾವ

ಮಂಜರಾಬಾದಿನ ಕೋಟೆ ಪೂರ್ಣವಾದ ನಾಲ್ಕು ವರ್ಷಗಳ ಮೇಲೆ, ೧೭೯೬ರ ಮಾರ್ಚ್ ತಿಂಗಳ ಕೊನೆಯಲ್ಲಿ, ಜರ್ಮನಿಯ ಬ್ರೌನ್‌ಷ್ವೈಗ್ ಪಟ್ಟಣದಲ್ಲಿ ರಜೆಗೆ ಮನೆಗೆ ಬಂದಿದ್ದ ವಿದ್ಯಾರ್ಥಿಯೊಬ್ಬನು ಬೆಳಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಈ ಗಂಟನ್ನು ಬಿಡಿಸಿದನು. ಅವನ ಹೆಸರು ಕಾರ್ಲ್ ಫ್ರೀಡ್ರಿಷ್ ಗೌಸ್. ಹತ್ತೊಂಬತ್ತು ತುಂಬಲು ಇನ್ನೂ ಒಂದು ತಿಂಗಳಿತ್ತು. ಭಾಷಾಶಾಸ್ತ್ರವನ್ನು ಓದಲೋ ಗಣಿತವನ್ನು ಓದಲೋ ಎಂದು ತೂಗಾಡುತ್ತಿದ್ದ ಅವನ ಮನಸ್ಸನ್ನು ಆ ಬೆಳಗು ಗಣಿತದ ಕಡೆಗೆ ನಿಲ್ಲಿಸಿತು. ಹದಿನೇಳು ಭುಜಗಳ ಸಮಾಕೃತಿಯನ್ನು ಕೈವಾರ ಅಳತೆಪಟ್ಟಿಗಳಿಂದಲೇ ಬರೆಯಬಹುದೆಂದು ಅವನು ಕಂಡುಕೊಂಡಿದ್ದನು.

ಅವನ ಯುಕ್ತಿಯ ತಿರುಳನ್ನು ಹೀಗೆ ಹೇಳಬಹುದು. ಕೈವಾರಕ್ಕೆ ಬರುವ ವಿದ್ಯೆ, ಕೂಡುವುದು ಕಳೆಯುವುದು ಮೊದಲಾದವನ್ನು ಬಿಟ್ಟರೆ, ವರ್ಗಮೂಲವನ್ನು ತೆಗೆಯುವುದೊಂದೇ. ಒಂದು ಗುಂಪನ್ನು ಎರಡು ಸಮಪಾಲು ಮಾಡಲು ಒಂದು ವರ್ಗಮೂಲ ಸಾಕು. ಮೂರು ಪಾಲು ಮಾಡಲು ಘನಮೂಲ ಬೇಕು, ಅದು ಕೈವಾರದ ಕೈಗೆ ಎಟುಕದು. ಹದಿನೇಳು ಮೂಲೆಗಳಲ್ಲಿ ಒಂದನ್ನು ಮೊದಲೇ ಗುರುತಿಸಿಕೊಂಡರೆ ಉಳಿದವು ಹದಿನಾರು. ಹದಿನಾರನ್ನು ಎಂಟೆಂಟಾಗಿ, ಎಂಟನ್ನು ನಾಲ್ಕಾಗಿ, ನಾಲ್ಕನ್ನು ಎರಡಾಗಿ, ಎರಡನ್ನು ಒಂದಾಗಿ ಸೀಳಿದರೆ ನಾಲ್ಕೇ ಹೆಜ್ಜೆಗೆ ಕೆಲಸ ಮುಗಿಯಿತು. ಏಳು ಮೂಲೆಯದಾದರೆ ಉಳಿಯುವವು ಆರು; ಅದನ್ನು ಮೂರು ಮೂರಾಗಿ ಸೀಳಿದ ಮೇಲೆ ಮುಂದೆ ದಾರಿಯಿಲ್ಲ.

ಯಾವ ಮೂಲೆ ಯಾವ ಪಾಲಿಗೆ ಹೋಗಬೇಕು? ಅದನ್ನು ಮನೆಯಲ್ಲಿ ಯಾರಾದರೂ ಮಾಡಿ ನೋಡಬಹುದು. ಒಂದರಿಂದ ಹೊರಟು ಮೂರರಿಂದ ಗುಣಿಸುತ್ತ ಹೋಗಬೇಕು. ಹದಿನೇಳನ್ನು ಮೀರಿದಾಗಲೆಲ್ಲ ಹದಿನೇಳರಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಬೇಕು. ೧, ೩, ೯, ೧೦, ೧೩, ೫, ೧೫, ೧೧, ೧೬, ೧೪, ೮, ೭, ೪, ೧೨, ೨, ೬, ಮತ್ತೆ ೧. ಹದಿನಾರು ಸಂಖ್ಯೆಗಳೂ ಒಂದೊಂದು ಬಾರಿ ಬಂದು, ಒಂದೂ ಬಿಟ್ಟುಹೋಗದೆ, ಪಂಕ್ತಿಗೆ ಕುಳಿತಂತಾಯಿತು. ಈ ಸಾಲಿನಲ್ಲಿ ಒಂದನ್ನು ಬಿಟ್ಟು ಒಂದನ್ನು ಆರಿಸಿದರೆ ಎಂಟೆಂಟರ ಎರಡು ಪಾಲುಗಳು. ಗೌಸನ ಸೀಳುವಿಕೆ ಈ ಪಂಕ್ತಿಯನ್ನು ಅನುಸರಿಸಿಯೇ ನಡೆಯುತ್ತದೆ.

೧೮೦೧ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದ ಕೊನೆಯ ಅಧ್ಯಾಯದಲ್ಲಿ ಗೌಸನು ಇದನ್ನು ವಿಸ್ತರಿಸಿದನು. ಅವಿಭಾಜ್ಯ ಸಂಖ್ಯೆಯೊಂದರಿಂದ ಒಂದನ್ನು ಕಳೆದಾಗ ಉಳಿಯುವುದು ಎರಡೆರಡರ ಗುಣಾಕಾರದಿಂದಲೇ ಆಗಿದ್ದರೆ ಅಷ್ಟು ಭುಜಗಳ ಆಕೃತಿ ಸಾಧ್ಯ. ಬೇರೆ ಅವಿಭಾಜ್ಯಗಳಿಗೆ ಅದು ಸಾಧ್ಯವೇ ಇಲ್ಲವೆಂಬ ಸಾಧನೆಯನ್ನು ೧೮೩೭ರಲ್ಲಿ ಫ್ರಾನ್ಸಿನ ವಾಂಟ್ಸೆಲ್ ಒದಗಿಸಿದನು.

ಐದೇ ಐದು

ಅಂಥ ಅವಿಭಾಜ್ಯ ಸಂಖ್ಯೆಗಳು ಯಾವುವು? ಎರಡರಿಂದ ತೊಡಗಿ ವರ್ಗಿಸುತ್ತ ಹೋದರೆ ೨, ೪, ೧೬, ೨೫೬, ೬೫೫೩೬ ಎಂಬ ಸಾಲು ದೊರೆಯುತ್ತದೆ. ಪ್ರತಿಯೊಂದಕ್ಕೂ ಒಂದನ್ನು ಕೂಡಿಸಿದರೆ ೩, ೫, ೧೭, ೨೫೭, ೬೫೫೩೭. ಇವು ಐದೂ ಅವಿಭಾಜ್ಯಗಳು. ೧೬೪೦ರಲ್ಲಿ ಫ್ರಾನ್ಸಿನ ಫೆರ್ಮಾ ಎಂಬ ನ್ಯಾಯಾಧಿಕಾರಿ, ಈ ಸಾಲನ್ನು ಎಷ್ಟು ಬೆಳೆಸಿದರೂ ಅವಿಭಾಜ್ಯಗಳೇ ಬರುವುವೆಂದು ನಂಬಿ ಮಿತ್ರನಿಗೆ ಕಾಗದ ಬರೆದಿದ್ದನು. ಮುಂದಿನ ಸಂಖ್ಯೆ ೪೨೯೪೯೬೭೨೯೭. ಸುಮಾರು ತೊಂಬತ್ತು ವರ್ಷಗಳ ತರುವಾಯ, ೧೭೩೨ರಲ್ಲಿ, ಆಯ್ಲರನು ಅದು ೬೪೧ ಮತ್ತು ೬೭೦೦೪೧೭ರ ಗುಣಲಬ್ಧವೆಂದು ತೋರಿಸಿದನು. ಮಹಾಪಂಡಿತನ ಊಹೆ ಆರನೆಯ ಹೆಜ್ಜೆಯಲ್ಲೇ ಮುರಿದುಬಿತ್ತು.

ಹಾಗಾದರೆ ೬೫೫೩೭ ಅವಿಭಾಜ್ಯವೆಂದು ತಿಳಿಯುವುದು ಹೇಗೆ? ಒಂದು ಸಂಖ್ಯೆಗೆ ಭಾಜಕವಿದ್ದರೆ ಅದರ ವರ್ಗಮೂಲದೊಳಗೆ ಒಂದಾದರೂ ಸಿಕ್ಕಬೇಕು. ೨೫೬ರ ವರ್ಗ ೬೫೫೩೬ ಆದುದರಿಂದ, ೨೫೬ರೊಳಗಿನ ಅವಿಭಾಜ್ಯಗಳಿಂದ ಮಾತ್ರ ಭಾಗಿಸಿ ನೋಡಿದರಾಯಿತು. ಅವು ಐವತ್ತನಾಲ್ಕು. ಒಂದು ಸಂಜೆಯ ಕೆಲಸ! ಆದರೆ ಆಯ್ಲರನು ಒಂದು ಜರಡಿಯನ್ನು ಕೊಟ್ಟಿದ್ದಾನೆ. ಈ ಸಂಖ್ಯೆಗೆ ಭಾಜಕವಿದ್ದರೆ ಅದು ಮೂವತ್ತೆರಡರ ಗುಣಕಕ್ಕಿಂತ ಒಂದು ಹೆಚ್ಚಾಗಿರಲೇಬೇಕು. ಈ ಜರಡಿಯಲ್ಲಿ ಉಳಿಯುವ ಅವಿಭಾಜ್ಯಗಳು ಎರಡೇ: ೯೭ ಮತ್ತು ೧೯೩. ಮುಂದೆ ೧೮೭೮ರಲ್ಲಿ ಲೂಕಾ ಎಂಬಾತನು ಜರಡಿಯನ್ನು ಇನ್ನೂ ಸಣ್ಣಗೆ ಮಾಡಿ, ಮೂವತ್ತೆರಡರ ಬದಲು ಅರವತ್ತನಾಲ್ಕನ್ನು ಇಟ್ಟನು. ಆಗ ಉಳಿಯುವುದು ೧೯೩ ಒಂದೇ. ೬೫೫೩೭ನ್ನು ೧೯೩ರಿಂದ ಭಾಗಿಸಿದರೆ ಲಬ್ಧ ೩೩೯, ಶೇಷ ೧೧೦. ಭಾಗವಾಗಲಿಲ್ಲ, ಆದುದರಿಂದ ಅವಿಭಾಜ್ಯ. ಐವತ್ತನಾಲ್ಕು ಭಾಗಾಕಾರಗಳು ಒಂದು ಭಾಗಾಕಾರಕ್ಕೆ ಇಳಿದುವು. ದುಡಿಮೆಗೂ ತಿಳಿವಿಗೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಸುಲಭವಾಗಿ ಸಿಕ್ಕದು.

ದೊಡ್ಡ ಅವಿಭಾಜ್ಯಗಳ ನಡುವೆ ೬೫೫೩೭ ಮಗುವೆಂದೇ ಹೇಳಬೇಕು. ೨೦೨೪ರಲ್ಲಿ ಪ್ರಕಟವಾದ ಒಂದು ಅವಿಭಾಜ್ಯದಲ್ಲಿ ನಾಲ್ಕು ಕೋಟಿ ಹತ್ತು ಲಕ್ಷಕ್ಕೂ ಮೇಲ್ಪಟ್ಟು ಅಂಕಿಗಳಿವೆ. ಆದರೆ ಕೈವಾರದ ಸಾಲಿನಲ್ಲಿ ನಮಗೆ ತಿಳಿದಿರುವ ಕೊನೆಯ ಅವಿಭಾಜ್ಯ ಇದೇ.

ಹತ್ತು ವರ್ಷಗಳ ತಪಸ್ಸು

ಸಾಧ್ಯವೆಂದು ತಿಳಿಯುವುದು ಒಂದು, ಮಾಡಿ ತೋರಿಸುವುದು ಇನ್ನೊಂದು. ೨೫೭ ಭುಜಗಳ ಆಕೃತಿಯ ರಚನೆಯನ್ನು ರಿಶೆಲೋ ಎಂಬ ಜರ್ಮನ್ ಪಂಡಿತನು ೧೮೩೨ರಲ್ಲಿ ಪ್ರಕಟಿಸಿದನು. ೬೫೫೩೭ನ್ನು ಕೈಗೆತ್ತಿಕೊಂಡವನು ಯೋಹಾನ್ ಗುಸ್ಟಾವ್ ಹೆರ್ಮಿಸ್ ಎಂಬ ಶಾಲಾ ಉಪಾಧ್ಯಾಯ. ೬೫೫೩೬ ಮೂಲೆಗಳನ್ನು ಹದಿನಾರು ಬಾರಿ ಸೀಳಬೇಕು. ಪ್ರತಿ ಸೀಳಿನಲ್ಲೂ ಗುಂಪುಗಳು ಇಮ್ಮಡಿಯಾಗುತ್ತವೆ. ಗಣಕಯಂತ್ರವಿಲ್ಲದ ಕಾಲ. ಶಾಲೆಯ ಕೆಲಸದ ಜೊತೆಯಲ್ಲಿಯೇ ಹತ್ತು ವರ್ಷ ದುಡಿದು ಆತನು ಇನ್ನೂರಕ್ಕೂ ಹೆಚ್ಚು ಹಾಳೆಗಳನ್ನು ತುಂಬಿಸಿದನು. ಅದರ ಸಂಕ್ಷಿಪ್ತ ವರದಿ ೧೮೯೪ರಲ್ಲಿ ಪ್ರಕಟವಾಯಿತು. ಹಸ್ತಪ್ರತಿಯನ್ನು ಗಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಪೆಟ್ಟಿಗೆಯಲ್ಲಿ ಕಾಪಾಡಿದ್ದಾರೆ.

ಆ ಆಕೃತಿಯನ್ನು ಕಣ್ಣಿನಿಂದ ನೋಡಲಾದೀತೆ? ಮಂಜರಾಬಾದಿನ ಗುಡ್ಡವನ್ನು ನಡುವೆ ಇಟ್ಟು ಒಂದು ಕಿಲೋಮೀಟರು ತ್ರಿಜ್ಯದ ವೃತ್ತವನ್ನು ಎಳೆದು, ಅದರೊಳಗೆ ೬೫೫೩೭ ಭುಜಗಳನ್ನು ಕೂರಿಸಿದರೆ ಒಂದೊಂದು ಭುಜದ ಉದ್ದ ಒಂಬತ್ತೂವರೆ ಸೆಂಟಿಮೀಟರಿನಷ್ಟು, ಗೇಣಿಗೂ ಕಡಿಮೆ. ಭುಜವು ವೃತ್ತದಿಂದ ಒಳಕ್ಕೆ ಸರಿಯುವುದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿನಷ್ಟು. ಗಿಡುಗನ ಕಣ್ಣಿಗೂ ಅದು ವೃತ್ತವೇ. ಹಟಮಾರಿ ಶಿಷ್ಯನ ಕಾಟವನ್ನು ತಾಳಲಾರದ ಗುರು, “೬೫೫೩೭ ಭುಜಗಳ ಆಕೃತಿಯನ್ನು ರಚಿಸಿಕೊಂಡು ಬಾ, ಹೋಗು” ಎಂದು ಗದರಿಸಿ ಕಳುಹಿಸಿದನೆಂದೂ, ಶಿಷ್ಯನು ಇಪ್ಪತ್ತು ವರ್ಷಗಳ ಮೇಲೆ ಅದನ್ನು ಹೊತ್ತುಕೊಂಡು ಬಂದನೆಂದೂ ಗಣಿತಜ್ಞರಲ್ಲಿ ಒಂದು ವಿನೋದದ ಕಥೆಯಿದೆ. ಕಥೆಯನ್ನು ಕೇಳಿ ಎಲ್ಲರೂ ನಗುತ್ತಾರೆ. ಆದರೆ ನಗುವಿನ ಹಿಂದೆ ಒಂದು ಪ್ರಶ್ನೆ ಉಳಿಯುತ್ತದೆ: ಯಾರ ಕಣ್ಣಿಗೂ ಕಾಣದ, ಯಾವ ಶಿಲ್ಪಿಗೂ ಬೇಡದ ಆಕೃತಿಗಾಗಿ ಒಬ್ಬನು ತನ್ನ ಬಾಳಿನ ಹತ್ತು ವರ್ಷಗಳನ್ನು ಸವೆಸಿದನಲ್ಲ, ಅದರಿಂದ ಆದ ಪ್ರಯೋಜನವೇನು?

ಮಹಾವೀರನ ಹಾರ

ಪ್ರಯೋಜನದ ಮಾತಿಗೆ ಮುಂಚೆ ಸೌಂದರ್ಯದ ಮಾತು. ಕನ್ನಡನಾಡಿಗೆ ಸಂಖ್ಯೆಗಳ ಚೆಲುವು ಹೊಸದಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ೮೫೦ರ ಸುಮಾರಿನಲ್ಲಿ, ಜೈನ ಪಂಡಿತ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದನು. ಗುಣಾಕಾರವನ್ನು ಕಲಿಸುವಾಗ ಅವನು ಕೆಲವು ಲೆಕ್ಕಗಳನ್ನು ಬೇಕೆಂದೇ ಆರಿಸಿಕೊಂಡಿದ್ದಾನೆ. ಅವುಗಳ ಉತ್ತರ ಕೊರಳಿನ ಹಾರದಂತೆ ಎರಡು ಕಡೆಗೂ ಒಂದೇ ಆಗಿರುತ್ತದೆ. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ೧೧೧೧೧೧೧೧. ೧೪೨೮೫೭೧೪೩ನ್ನು ೭ರಿಂದ ಗುಣಿಸಿದರೆ ೧೦೦೦೦೦೦೦೦೧. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ೧೨೩೪೫೬೫೪೩೨೧.

ಇವುಗಳಲ್ಲಿ ಎರಡನೆಯದನ್ನು ನೋಡಿದವರಿಗೆ ಶಾಲೆಯ ದಶಮಾಂಶ ನೆನಪಾದೀತು. ಒಂದನ್ನು ಏಳರಿಂದ ಭಾಗಿಸಿದರೆ ೧೪೨೮೫೭ ಎಂಬ ಆರು ಅಂಕಿಗಳು ಮರಳಿ ಮರಳಿ ಬರುತ್ತವೆ. ಒಂದನ್ನು ಹದಿನೇಳರಿಂದ ಭಾಗಿಸಿದರೆ ಬರುವ ಮಾಲೆ ೦೫೮೮೨೩೫೨೯೪೧೧೭೬೪೭. ಅದರಲ್ಲಿ ಹದಿನಾರು ಮಣಿಗಳು. ಮಾಲೆಯನ್ನು ನಡುವೆ ತುಂಡರಿಸಿ ಎರಡು ಅರ್ಧಗಳನ್ನು ಕೂಡಿಸಿದರೆ ೯೯೯೯೯೯೯೯! ೬೫೫೩೭ರಿಂದ ಭಾಗಿಸಿದರೆ ಇದೇ ಸೋಜಿಗ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಆ ಮಾಲೆಯಲ್ಲಿ ಸರಿಯಾಗಿ ೬೫೫೩೬ ಮಣಿಗಳಿವೆ. ಅದಕ್ಕಿಂತ ಉದ್ದವಾದ ಮಾಲೆ ಆ ಭಾಜಕಕ್ಕೆ ಸಾಧ್ಯವೇ ಇಲ್ಲ. ಅರ್ಧಕ್ಕೆ ತುಂಡರಿಸಿ ಕೂಡಿಸಿದರೆ ಇಲ್ಲಿಯೂ ಒಂಬತ್ತುಗಳೇ, ೩೨೭೬೮ ಒಂಬತ್ತುಗಳು. ಪುಟಕ್ಕೆ ಎರಡು ಸಾವಿರ ಅಂಕಿಗಳಂತೆ ಅಚ್ಚುಮಾಡಿದರೂ ಆ ಒಂದು ಮಾಲೆಗೆ ಮೂವತ್ತಮೂರು ಪುಟಗಳು ಬೇಕು. ಮಹಾವೀರನು ಕಂಡಿದ್ದರೆ ಎಷ್ಟು ಹಿಗ್ಗುತ್ತಿದ್ದನೋ!

ತೆರೆದಿಟ್ಟ ಬೀಗ

ಇನ್ನು ಪ್ರಯೋಜನ. ೧೯೭೭ರಲ್ಲಿ ಅಮೆರಿಕದಲ್ಲಿ ರಿವೆಸ್ಟ್, ಶಮಿರ್, ಏಡಲ್‌ಮನ್ ಎಂಬ ಮೂವರು ಒಂದು ಹೊಸ ಬಗೆಯ ಬೀಗವನ್ನು ಕಂಡುಹಿಡಿದರು. ಯಾರು ಬೇಕಾದರೂ ಹಾಕಬಹುದು. ತೆರೆಯಬಲ್ಲವನು ಗುಟ್ಟಿನ ಕೀಲಿಯುಳ್ಳವನೊಬ್ಬನೇ. ಸಂದೇಶವನ್ನು ಒಂದು ಸಂಖ್ಯೆಯಾಗಿ ಬರೆದು, ಅದನ್ನು ಅದರಿಂದಲೇ ನಿಗದಿಯಾದ ಸಲ ಗುಣಿಸಿ, ಮತ್ತೊಂದು ಭಾರಿ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಕಳುಹಿಸುವುದು ಅದರ ಕ್ರಮ. ಆ ಭಾರಿ ಸಂಖ್ಯೆ ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧ. ಸಾಮಾನ್ಯವಾಗಿ ಅದರಲ್ಲಿ ಆರು ನೂರಕ್ಕೂ ಹೆಚ್ಚು ಅಂಕಿಗಳಿರುತ್ತವೆ. ಅದನ್ನು ಮತ್ತೆ ಎರಡಾಗಿ ಒಡೆಯುವುದು ಪರರಿಗೆ ಅಸಾಧ್ಯವೆನ್ನುವಷ್ಟು ಕಷ್ಟವಾಗಿರುವುದರಲ್ಲಿಯೇ ಬೀಗದ ಭದ್ರತೆಯಿದೆ.

ಎಷ್ಟು ಸಲ ಗುಣಿಸಬೇಕು? ಅದಕ್ಕೆ ಲೋಕವೆಲ್ಲ ಹೆಚ್ಚಾಗಿ ಆರಿಸಿಕೊಂಡಿರುವ ಸಂಖ್ಯೆ ೬೫೫೩೭. ಇದು ಗುಟ್ಟಲ್ಲ, ಎಲ್ಲರೆದುರಿಗೆ ತೆರೆದಿಟ್ಟದ್ದು. ಇದನ್ನೇ ಆರಿಸಿದುದಕ್ಕೆ ಕಾರಣವಿದೆ. ಗಣಕಯಂತ್ರದ ಎರಡೇ ಅಂಕಿಗಳ ಲಿಪಿಯಲ್ಲಿ ಇದನ್ನು ಬರೆದರೆ ಮೊದಲಲ್ಲೊಂದು ಒಂದು, ಕೊನೆಯಲ್ಲೊಂದು ಒಂದು, ನಡುವೆ ಹದಿನೈದು ಸೊನ್ನೆಗಳು. ಆದುದರಿಂದ ಅರವತ್ತೈದು ಸಾವಿರ ಸಲ ಗುಣಿಸುವ ಗೋಜಿಲ್ಲ. ಹದಿನಾರು ಸಲ ವರ್ಗಿಸಿ ಒಂದು ಸಲ ಗುಣಿಸಿದರಾಯಿತು. ಹದಿನೇಳು ಹೆಜ್ಜೆ! ಮೂರರಂಥ ಸಣ್ಣ ಸಂಖ್ಯೆಯನ್ನು ಅಜಾಗರೂಕತೆಯಿಂದ ಬಳಸಿದಾಗ ಕಳ್ಳರಿಗೆ ದಾರಿ ಸಿಕ್ಕಬಹುದಾದ ಸಂದರ್ಭಗಳುಂಟು. ಇದು ಅಷ್ಟು ಸಣ್ಣದಲ್ಲ. ಜೊತೆಗೆ ಇದು ಅವಿಭಾಜ್ಯವಾಗಿರುವುದರಿಂದ ಕೀಲಿಯನ್ನು ತಯಾರಿಸುವಾಗ ಮಾಡಬೇಕಾದ ತಾಳೆಯೂ ಸುಲಭ.

ಸಕಲೇಶಪುರದ ಬೆಳೆಗಾರನು ಕಾಫಿ ಮಾರಿದ ಹಣ ಖಾತೆಗೆ ಬಂದಿತೇ ಎಂದು ಅಂಗೈಯಗಲದ ಯಂತ್ರದಲ್ಲಿ ನೋಡುವಾಗ, ಆಲೂರಿನ ತಾಯಿ ಬೆಂಗಳೂರಿನ ಹಾಸ್ಟೆಲಿನಲ್ಲಿರುವ ಮಗಳಿಗೆ ದುಡ್ಡು ಕಳುಹಿಸುವಾಗ, ಎದುರಿಗಿರುವುದು ನಿಜವಾಗಿ ತಮ್ಮ ಬ್ಯಾಂಕೇ ಹೊರತು ಮೋಸಗಾರನಲ್ಲವೆಂದು ಸಾಕ್ಷಿ ಹೇಳುವ ಸಹಿಗಳಲ್ಲಿ ಅನೇಕವನ್ನು ಈ ಸಂಖ್ಯೆಯಿಂದಲೇ ತಾಳೆ ನೋಡಲಾಗುತ್ತದೆ. ಹೆರ್ಮಿಸನು ಹಾಳೆಗಳನ್ನು ತುಂಬಿಸುತ್ತಿದ್ದಾಗ ಇದನ್ನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಅವನ ರಚನೆಯಿಂದ ಈ ಬೀಗ ಹುಟ್ಟಿತೆಂದು ಹೇಳುವುದೂ ಸತ್ಯವಲ್ಲ. ಆದರೆ ಕೈವಾರಕ್ಕೆ ಆ ಆಕೃತಿಯನ್ನು ಸುಲಭಗೊಳಿಸಿದ ಗುಣವೂ ಯಂತ್ರಕ್ಕೆ ಈ ಬೀಗವನ್ನು ಸುಲಭಗೊಳಿಸಿದ ಗುಣವೂ ಒಂದೇ: ೬೫೫೩೭ರಿಂದ ಒಂದನ್ನು ಕಳೆದರೆ ಉಳಿಯುವುದು ಹದಿನಾರು ಎರಡುಗಳ ಗುಣಲಬ್ಧ. ಪ್ರಯೋಜನವನ್ನು ಹುಡುಕದೆ ಸಂಖ್ಯೆಯ ಸ್ವಭಾವವನ್ನು ತಿಳಿಯಹೊರಟವರು ಮೂರು ಶತಮಾನಗಳ ಕಾಲ ಕೂಡಿಟ್ಟ ಗಂಟು, ಪ್ರಯೋಜನ ಬೇಕಾದಾಗ ಸಿದ್ಧವಾಗಿತ್ತು. ಮಗನು ಗಣಿತವನ್ನೋ ವ್ಯಾಕರಣವನ್ನೋ ಓದುತ್ತೇನೆಂದಾಗ, “ಅದರಿಂದೇನು ಬಂತು?” ಎಂದು ಕೇಳುವ ತಂದೆಗೆ ಇದೊಂದು ಉತ್ತರವಾದೀತು.

ಆರನೆಯದು ಉಂಟೆ?

ಫೆರ್ಮಾನ ಸಾಲಿನಲ್ಲಿ ಆರನೆಯ ಅವಿಭಾಜ್ಯ ಎಲ್ಲಿಯಾದರೂ ಅಡಗಿದೆಯೆ? ಆಯ್ಲರನು ಒಡೆದ ಸಂಖ್ಯೆಯಿಂದ ತೊಡಗಿ ಒಂದರ ಹಿಂದೊಂದು ಇಪ್ಪತ್ತೆಂಟು ಸಂಖ್ಯೆಗಳು ಅವಿಭಾಜ್ಯಗಳಲ್ಲವೆಂದು ಸಿದ್ಧವಾಗಿದೆ. ಅದರ ಮುಂದಿನದು ಸುಮಾರು ಇನ್ನೂರೈವತ್ತೆಂಟು ಕೋಟಿ ಅಂಕಿಗಳ ಸಂಖ್ಯೆ. ಅದರ ಬಾಗಿಲು ಇನ್ನೂ ತೆರೆದಿಲ್ಲ. ತಿಳಿದಿರುವ ಐದು ಅವಿಭಾಜ್ಯಗಳನ್ನೂ ಒಂದರಿಂದೊಂದು ಗುಣಿಸಿದರೆ ೪೨೯೪೯೬೭೨೯೫ ಬರುತ್ತದೆ. ಬೆಸ ಸಂಖ್ಯೆಯ ಭುಜಗಳುಳ್ಳ ಸಮಾಕೃತಿಗಳಲ್ಲಿ ಕೈವಾರದಿಂದ ಸಾಧ್ಯವೆಂದು ಮನುಷ್ಯನು ಬಲ್ಲ ಅತಿ ದೊಡ್ಡದು ಇದೇ. ಆಯ್ಲರನು ಒಡೆದ ಸಂಖ್ಯೆಗಿಂತ ಇದು ಎರಡೇ ಕಡಿಮೆ! ಆರನೆಯದೊಂದು ಸಿಕ್ಕಿದ ದಿನ ಈ ಗಡಿ ಅಳಿಸಿಹೋಗುತ್ತದೆ.

ಬ್ರೌನ್‌ಷ್ವೈಗಿನಲ್ಲಿ ಗೌಸನ ಪ್ರತಿಮೆಯ ಪೀಠದ ಮೇಲೆ ಹದಿನೇಳು ಭುಜಗಳ ಆಕೃತಿಯ ಬದಲು ಹದಿನೇಳು ಮೂಲೆಯ ನಕ್ಷತ್ರವನ್ನು ಕೆತ್ತಿದ್ದಾರೆ. ಆಕೃತಿಯನ್ನೇ ಕೆತ್ತಿದರೆ ನೋಡುವವರು ವೃತ್ತವೆಂದು ತಿಳಿದಾರೆಂಬುದು ಶಿಲ್ಪಿಯ ಅಳುಕು. ಮಂಜರಾಬಾದಿನ ಗುಡ್ಡದ ಮೇಲೆ ಮಂಜು ಸರಿದಾಗ ಕಾಣುವುದೂ ನಕ್ಷತ್ರವೇ, ಎಂಟು ಮೂಲೆಯದು. ಅಲ್ಲಿ ನಿಂತು “ಹದಿನೇಳೇಕಲ್ಲ?” ಎಂದು ಕೇಳುವ ಮಗುವಿಗೆ ಇನ್ನು ಮೇಲೆ ಹಿರಿಯರು ಧೈರ್ಯವಾಗಿ ಹೇಳಬಹುದು: ಹದಿನೇಳೂ ಆದೀತು, ಮಗು, ಹಗ್ಗ ಗೂಟಗಳನ್ನು ತಾ.